ನಿನ್ನ ಉಸಿರಿಗೆ ಒಪ್ಪುವ ಯೋಗ

ಚಂದ್ರವಳ್ಳಿ ರಸ್ತೆ,
ಚಿತ್ರದುರ್ಗ

ಚಿರಂಜೀವಿ ಪುಟ್ಟಿಗೆ,

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಕ್ಷೇಮದ ವಿಚಾರ ಮಾತ್ರ ಫೋನಿನಲ್ಲಿ ನೀನು ಅರ್ಧ ಹೇಳಿದೆ, ಉಳಿದರ್ಧ ನಿನ್ನ ದನಿಯೇ ಹೇಳಿತು. ಸೊಂಟ ಹಿಡಿದುಕೊಂಡಿದೆ, ಎಡಗಾಲಿನ ಮೀನಖಂಡದವರೆಗೂ ಸೆಳೆತ ಇಳಿಯುತ್ತದೆ, ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ, ಏನೂ ಕಾರಣವಿಲ್ಲದೆ ಎದೆ ಡವಡವ ಎನ್ನುತ್ತದೆ ಅಂದೆ. ಕೊನೆಗೆ, "ಮೊಬೈಲ್ ನೋಡಿಕೊಂಡು ದಿನಾ ಸೂರ್ಯನಮಸ್ಕಾರ ಮಾಡ್ತಿದ್ದೆ ದೊಡ್ಡಮ್ಮ, ಅದರಿಂದಲೇ ಜಾಸ್ತಿ ಆಯ್ತು, ಯೋಗ ನನಗೆ ಆಗಿಬರಲ್ಲ ಬಿಡು" ಅಂದೆಯಲ್ಲ, ಆ ಮಾತು ಅವತ್ತಿನಿಂದ ನನ್ನನ್ನು ಕೊರೆಯುತ್ತಿದೆ. ಫೋನಿನಲ್ಲೇ ಉತ್ತರ ಹೇಳಿದರೆ ನೀನು ಲ್ಯಾಪ್‌ಟಾಪ್ ಮುಂದೆ ಕೂತು ಹೂಂಗುಟ್ಟಿ ಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಿಧಾನವಾಗಿ ಓದು.

ಮೊದಲು ಒಂದು ಮಾತು. ಕಾಲಿಗೆ ಸೆಳೆತ ಇಳಿಯುತ್ತಿದೆ ಎಂದರೆ ಮೂಳೆ ಡಾಕ್ಟರಿಗೆ ತೋರಿಸುವ ತನಕ ಒಂದು ಆಸನವನ್ನೂ ಮಾಡಬೇಡ. ಪಾದ ಎತ್ತಲು ಬಲ ಸಾಲುತ್ತಿಲ್ಲ ಅನ್ನಿಸಿದರೆ, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಂತಾದರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ ಬೆಳಗಾಗಲಿ ಎಂದು ಕಾಯದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು. ಯೋಗ ಕಲಿಸುವವಳೇ ಇದನ್ನು ಹೇಳುತ್ತಿದ್ದೇನೆ, ನೆನಪಿಡು.

ಇನ್ನು ನಿನ್ನ ಸೂರ್ಯನಮಸ್ಕಾರದ ವಿಚಾರ. ದಿನಕ್ಕೆ ಒಂಬತ್ತು ಹತ್ತು ಗಂಟೆ ಬೆನ್ನು ಗೂನು ಮಾಡಿ ಕುರ್ಚಿಯಲ್ಲಿ ಕೂರುವ ಹುಡುಗಿ ನೀನು. ಬೆಳಿಗ್ಗೆ ಎದ್ದವಳೇ, ಬೆನ್ನು ಇನ್ನೂ ಬಿಗಿಯಾಗಿರುವಾಗ, ಕಾಲು ನೇರ ಇಟ್ಟುಕೊಂಡು ಸೊಂಟದಿಂದ ಪೂರ್ತಿ ಮುಂದಕ್ಕೆ ಬಾಗುವುದು, ಅದನ್ನೇ ಮತ್ತೆ ಮತ್ತೆ, ಪರದೆಯಲ್ಲಿರುವ ಹುಡುಗಿಯ ವೇಗಕ್ಕೆ ಸರಿಯಾಗಿ. ಆ ಹುಡುಗಿಗೆ ನೀನು ಯಾರೆಂದು ಗೊತ್ತಿಲ್ಲ. ನಿನ್ನ ಡಿಸ್ಕ್ ಹೇಗಿದೆ, ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದೆ, ಕೈ ಎತ್ತುವಾಗ ಉಸಿರು ಬಿಗಿಹಿಡಿಯುತ್ತೀಯೋ ಹೇಗೆ, ಯಾವುದೂ ಗೊತ್ತಿಲ್ಲ. ಪಕ್ಕದ ಮನೆಯವರ ಕನ್ನಡಕ ಹಾಕಿಕೊಂಡು ತಲೆ ಸುತ್ತಿದರೆ ಕನ್ನಡಕವೇ ಕೆಟ್ಟದ್ದು ಅನ್ನುತ್ತೇವೆಯೇ? ನಂಬರು ನೋಡಿಸಿಕೊಳ್ಳಬೇಕಿತ್ತು, ಅಷ್ಟೇ.

ಬೆಳಗಿನ ಹೊತ್ತು ಚಂದ್ರವಳ್ಳಿ ಕೆರೆಯ ಕಡೆಗೆ ವಾಕಿಂಗ್ ಬರುವ ಹೆಂಗಸರಲ್ಲಿ ಕೆಲವರು ನನ್ನ ಹತ್ತಿರ ಕಲಿಯುತ್ತಾರೆ, ನಿನಗೆ ಗೊತ್ತು. ಅವರಲ್ಲಿ ಇಬ್ಬರಿಗೆ ಸೊಂಟನೋವು. ಒಬ್ಬಳಿಗೆ ಮೂವತ್ತೈದರ ಆಸುಪಾಸು. ಶೇಂಗಾ ಕೀಳುವ ಕಾಲದಲ್ಲಿ ದಿನವಿಡೀ ಬಗ್ಗಿ ದುಡಿದವಳು. ಕೂತರೆ ನೋವು, ಬಗ್ಗಿದರೆ ನೋವು ಕಾಲಿಗೆ ಹರಿಯುತ್ತದೆ, ಎದ್ದು ಓಡಾಡಿದರೆ ಹಗುರ. ಇನ್ನೊಬ್ಬರಿಗೆ ಎಪ್ಪತ್ತು ದಾಟಿದೆ. ಅವರದು ಪೂರ್ತಿ ತದ್ವಿರುದ್ಧ. ಸ್ವಲ್ಪ ದೂರ ನಡೆದರೆ ಎರಡೂ ಕಾಲು ಜೋಮು ಹಿಡಿದು ಭಾರವಾಗುತ್ತವೆ. ಬಂಡೆಯ ಮೇಲೆ ಮುಂದಕ್ಕೆ ಬಾಗಿ ಕೂತರೆ ಜೀವ ಬಂದಂತಾಗುತ್ತದೆ. ಇಬ್ಬರೂ ಸ್ಕ್ಯಾನ್ ವರದಿ ತಂದು ತೋರಿಸಿದರು. ಚಿಕ್ಕವಳಿಗೆ ಡಿಸ್ಕ್ ಹಿಂದಕ್ಕೆ ಉಬ್ಬಿ ನರವನ್ನು ಒತ್ತುತ್ತಿದೆ. ಹಿರಿಯರಿಗೆ ವಯಸ್ಸಿನಿಂದ ಬೆನ್ನೆಲುಬಿನೊಳಗಿನ ದಾರಿಯೇ ಕಿರಿದಾಗಿದೆ.

ಡಾಕ್ಟರು ಒಪ್ಪಿದ ಮೇಲೆ ಚಿಕ್ಕವಳನ್ನು ಬೋರಲು ಮಲಗಿಸಿದೆ. ಮೊಣಕೈ ನೆಲದ ಮೇಲೇ ಇರಬೇಕು, ಎದೆ ಮಾತ್ರ ಉಸಿರಿನ ಜೊತೆ ಮೆಲ್ಲಗೆ ಏಳಬೇಕು. ಭುಜಂಗಾಸನದ ಅರ್ಧಕ್ಕಿಂತ ಕಡಿಮೆ ಅದು. ಹಿರಿಯರನ್ನು ಅಂಗಾತ ಮಲಗಿಸಿ, ಉಸಿರು ಬಿಡುತ್ತಾ ಒಂದೊಂದೇ ಮಂಡಿಯನ್ನು ಎದೆಯ ಕಡೆಗೆ ತರಿಸಿದೆ. ಇವಳಿಗೆ ಹೇಳಿದ್ದನ್ನು ಅವರಿಗೆ, ಅವರಿಗೆ ಹೇಳಿದ್ದನ್ನು ಇವಳಿಗೆ ಹೇಳಿದ್ದರೆ ಇಬ್ಬರೂ ಮಾರನೆಯ ದಿನ ಹಾಸಿಗೆಯಿಂದ ಏಳುತ್ತಿರಲಿಲ್ಲ. ಕಾಯಿಲೆಯ ಹೆಸರು ಕೇಳಿದರೆ ಇಬ್ಬರೂ 'ಸೊಂಟನೋವು' ಎಂದೇ ಹೇಳುತ್ತಾರೆ!

ಯಾರೇ ಬರಲಿ, ಮೊದಲ ದಿನ ನಾನು ಆಸನ ಹೇಳಿಕೊಡುವುದಿಲ್ಲ. ಚಪ್ಪಲಿ ಬಿಡುವುದನ್ನು ನೋಡುತ್ತೇನೆ. ಅಟ್ಟೆ ಯಾವ ಬದಿ ಹೆಚ್ಚು ಸವೆದಿದೆ, ಯಾವ ಕಾಲಿನ ಮೇಲೆ ಭಾರ ಹಾಕಿ ನಿಲ್ಲುತ್ತಾರೆ, ನೆಲಕ್ಕೆ ಕೂರುವಾಗ ಕೈ ಎಲ್ಲಿ ಊರುತ್ತಾರೆ. ಆಮೇಲೆ ಕೇಳುತ್ತೇನೆ. ನಿದ್ದೆ ಹೇಗೆ, ಮುಟ್ಟು ಹೇಗೆ, ಹೊಟ್ಟೆ ಸರಿಯಾಗಿ ಹೋಗುತ್ತದೆಯೇ, ಯಾವ ಮಾತ್ರೆ ನುಂಗುತ್ತೀ, ಬಿ.ಪಿ. ಎಷ್ಟು, ಕಣ್ಣಿನ ಒತ್ತಡ ಇದೆಯೇ, ಮನೆಯಲ್ಲಿ ಯಾರ್ಯಾರಿದ್ದಾರೆ, ನಿನ್ನದು ಅಂತ ಕಾಲು ಗಂಟೆ ಯಾವಾಗ ಸಿಗುತ್ತದೆ. ಕೊನೆಯ ಪ್ರಶ್ನೆಗೆ ಎಷ್ಟೋ ಹೆಂಗಸರ ಕಣ್ಣಲ್ಲಿ ನೀರು ಬರುತ್ತದೆ ಪುಟ್ಟಿ, ಹಾಗೆ ಯಾರೂ ಅವರನ್ನು ಕೇಳಿಯೇ ಇರುವುದಿಲ್ಲ. ಎಲ್ಲ ಮುಗಿದ ಮೇಲೆ, ಉಸಿರು ಒಳಗೆ ತೆಗೆದುಕೊಳ್ಳುತ್ತಾ ಎರಡೂ ಕೈ ಮೇಲೆತ್ತು, ಬಿಡುತ್ತಾ ಇಳಿಸು ಅನ್ನುತ್ತೇನೆ. ಅಷ್ಟರಲ್ಲೇ ಮುಕ್ಕಾಲು ಪಾಲು ತಿಳಿಯುತ್ತದೆ. ಕೈ ಅರ್ಧಕ್ಕೆ ಹೋಗುವಷ್ಟರಲ್ಲೇ ಉಸಿರು ಮುಗಿಯುತ್ತದೋ, ಹೆಗಲು ಕಿವಿಯ ಹತ್ತಿರ ಏರುತ್ತದೋ, ಹುಬ್ಬು ಗಂಟಿಕ್ಕುತ್ತದೋ. ಉಸಿರು ಒರಟಾದ ಗಳಿಗೆಯಲ್ಲಿ ಅವತ್ತಿನ ಪ್ರಮಾಣ ಮುಗಿಯಿತು ಎಂದು ಅರ್ಥ. ಅದನ್ನು ಮೀರಿ ಮಾಡಿಸುವವರು ಯಾರೇ ಆಗಲಿ, ನೀನು ಅಲ್ಲಿಂದ ಎದ್ದು ಬಾ.

ಇದು ನಾನು ಕಂಡುಹಿಡಿದದ್ದಲ್ಲ, ದೂರದಿಂದ ಬಂದದ್ದೂ ಅಲ್ಲ. ಉಸಿರನ್ನು ಅಳತೆಗೋಲಾಗಿ ಇಟ್ಟುಕೊಂಡು ಒಬ್ಬೊಬ್ಬರಿಗೆ ಒಂದೊಂದು ಅಭ್ಯಾಸ ಕಟ್ಟಿಕೊಡುವ ಪದ್ಧತಿಗೆ ಈ ಕಾಲದಲ್ಲಿ ತಳಪಾಯ ಹಾಕಿದವರು ತಿರುಮಲೈ ಕೃಷ್ಣಮಾಚಾರ್ಯರು. ಅವರು ಹುಟ್ಟಿದ್ದು 1888ರ ನವೆಂಬರ್ 18ರಂದು, ಆಗಿನ ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. ನಮ್ಮ ಜಿಲ್ಲೆಯ ಮಣ್ಣಿನ ಮನುಷ್ಯ. ದೊರೆ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಲು ಶುರು ಮಾಡಿದರು. 1934ರಲ್ಲಿ ಬಂದ ಅವರ 'ಯೋಗ ಮಕರಂದ' ಕನ್ನಡದ ಪುಸ್ತಕ, 1941ರ 'ಯೋಗಾಸನಗಳು' ಕೂಡ ಕನ್ನಡದ್ದೇ. ಇವತ್ತು ಜಗತ್ತು ಹಾಸಿಕೊಂಡು ಕೂತಿರುವ ಯೋಗದ ಚಾಪೆಯ ಒಂದು ತುದಿ ನಮ್ಮ ಭಾಷೆಯಲ್ಲೇ ನೇಯ್ದದ್ದು ಅಂದರೆ ನನಗೆ ಹೆಮ್ಮೆ, ಮುಚ್ಚಿಡುವುದೇಕೆ?

ನೀನು ಗಮನಿಸಬೇಕಾದ ಸಂಗತಿ ಬೇರೆ ಇದೆ. ಅರಮನೆಯ ಯೋಗಶಾಲೆಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಹರೆಯದ ಹುಡುಗರು. ಮೈಯಲ್ಲಿ ಕಸುವು ತುಂಬಿದ ಆ ಹುಡುಗರಿಗೆ ಅವರು ಹಾರಿ, ಜಿಗಿದು, ಒಂದರ ಹಿಂದೆ ಒಂದು ಮಾಡುವ ಬಿರುಸಿನ ಆಸನಕ್ರಮ ಕಲಿಸಿದರು. ಹಾಸನ ಜಿಲ್ಲೆಯ ಕೌಶಿಕದಿಂದ ಬಂದ ಪಟ್ಟಾಭಿ ಜೋಯಿಸರು ಆ ಧಾಟಿಯನ್ನು ಮುಂದುವರಿಸಿದರು, ಅದೇ ಲೋಕಪ್ರಸಿದ್ಧವಾಯಿತು. ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ 1934ರಲ್ಲಿ ಮೈಸೂರಿಗೆ ಬಂದಾಗ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲವನ್ನೂ ಕಂಡು ಸೊರಗಿದ ಹುಡುಗ. ಕೃಷ್ಣಮಾಚಾರ್ಯರ ಹೆಂಡತಿಯ ತಮ್ಮ. ಅವರು ಮುಂದೆ ಪುಣೆಯಲ್ಲಿ ಹಗ್ಗ, ಬೆಲ್ಟು, ಮರದ ದಿಮ್ಮಿ, ಕುರ್ಚಿ ಇಟ್ಟು, ಬಾಗಲಾಗದ ದೇಹಕ್ಕೂ ಆಸನ ಎಟುಕುವಂತೆ ಮಾಡಿದರು. ಕೃಷ್ಣಮಾಚಾರ್ಯರು 1952ರಲ್ಲಿ ಮದ್ರಾಸಿಗೆ ಹೋದ ಮೇಲೆ ಅವರ ಬಳಿಗೆ ರೋಗಿಗಳು, ವಯಸ್ಸಾದವರು, ಬಸುರಿಯರು, ಮನಸ್ಸು ಸೋತವರು ಬರತೊಡಗಿದರು. ಆಗ ಒಬ್ಬೊಬ್ಬರನ್ನೇ ಕೂರಿಸಿಕೊಂಡು ನಾಡಿ ಹಿಡಿದು ನೋಡಿ, ಅವರವರ ವಯಸ್ಸು, ಕಸುಬು, ನಂಬಿಕೆ ತಿಳಿದುಕೊಂಡು ಅಭ್ಯಾಸ ಗೊತ್ತುಮಾಡುತ್ತಿದ್ದರು. ಇಂಜಿನಿಯರ್ ಆಗಿದ್ದ ಮಗ ಟಿ.ಕೆ.ವಿ. ದೇಶಿಕಾಚಾರ್ ಕೆಲಸ ಬಿಟ್ಟು ಅಪ್ಪನ ಶಿಷ್ಯನಾಗಿ 1976ರಲ್ಲಿ ಚೆನ್ನೈನಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರಂ ಕಟ್ಟಿದರು. ಅಲ್ಲಿ ಇವತ್ತಿಗೂ ಚಿಕಿತ್ಸೆ ಎಂದರೆ ಒಬ್ಬ ಶಿಕ್ಷಕ, ಒಬ್ಬ ರೋಗಿ.

ಗುರು ಒಬ್ಬರೇ, ಕೊಟ್ಟದ್ದು ಒಬ್ಬೊಬ್ಬರಿಗೆ ಒಂದೊಂದು. ನಿನ್ನ ಮೊಬೈಲಿಗೆ ಬಂದು ತಲುಪಿದ್ದು ಅರಮನೆಯ ಹುಡುಗರ ಪಾಲು ಅಷ್ಟೇ. ನಿನ್ನ ಪಾಲಿನದನ್ನು ನೀನು ಇನ್ನೂ ನೋಡಿಯೇ ಇಲ್ಲ. ತೊಂಬತ್ತಾರನೆಯ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದಾಗ ಆ ಮಹಾನುಭಾವರು ಹಾಸಿಗೆಯಲ್ಲೇ ಮಾಡಬಹುದಾದ ಅಭ್ಯಾಸವನ್ನು ತಮಗಾಗಿ ತಾವೇ ರೂಪಿಸಿಕೊಂಡರಂತೆ. ಎದ್ದು ನಿಲ್ಲಲಾಗದ ದೇಹಕ್ಕೂ ಯೋಗ ಇದೆ ಎನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ನಮ್ಮ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯನ್ನು ಮರೆತರೆ ನಾನು ಕೃತಘ್ನೆ. ಬಾರ್ಕೂರಿನಲ್ಲಿ ಹುಟ್ಟಿದ ರಾಘವೇಂದ್ರ ಸ್ವಾಮೀಜಿ 1943ರಲ್ಲಿ ಅಲ್ಲಿ ನೆಲೆ ನಿಂತು ಅನಾಥ ಸೇವಾಶ್ರಮ ಕಟ್ಟಿದರು. ಜೋಳಿಗೆ ಹಿಡಿದು ಬೇಡಿ ತಂದು ಶಾಲೆ, ಆಸ್ಪತ್ರೆ, ಆಯುರ್ವೇದ ಕಾಲೇಜು ಬೆಳೆಸಿದರು, 'ತಿರುಕ' ಎಂಬ ಹೆಸರಿನಲ್ಲಿ ಬರೆದರು, ನೂರು ದಾಟಿ ಬದುಕಿ 1996ರಲ್ಲಿ ಹೋದರು. ಯೋಗ ಒಂದು ಕಡೆ, ಔಷಧ ಒಂದು ಕಡೆ ಎಂದು ಅವರು ಬೇರೆ ಮಾಡಲಿಲ್ಲ. ಆಸನ, ಆಹಾರ, ಮದ್ದು ಮೂರನ್ನೂ ಒಟ್ಟಿಗೆ ನೋಡುವ ಕಣ್ಣು ಈ ಭಾಗದ ಎಷ್ಟೋ ಮೇಷ್ಟರು, ಮೇಡಂಗಳಿಗೆ ಬಂದದ್ದು ಅವರ ಶಿಬಿರಗಳಿಂದ. ನಾನೂ ಆ ಸಾಲಿನವಳು.

ಈಗ ನೀನು ಫೋನಿನಲ್ಲಿ ಮೆಲ್ಲಗೆ ಹೇಳಿ ದಾಟಿಸಿದ ವಿಷಯಕ್ಕೆ ಬರುತ್ತೇನೆ. ಆ ಎದೆ ಡವಡವ, ಆ ನಡುರಾತ್ರಿಯ ಎಚ್ಚರ.

ನಾಚಿಕೆ ಪಡಬೇಡ. ಯೋಗಸೂತ್ರ ಬರೆದ ಪತಂಜಲಿಗಳು ಮನಸ್ಸು ಕದಡಿದವರ ಲಕ್ಷಣ ಹೇಳುವಾಗ ದುಃಖ, ಮನಸ್ಸು ಕುಗ್ಗುವುದು, ಕೈಕಾಲು ನಡುಗುವುದು, ಉಸಿರು ಏರುಪೇರಾಗುವುದು ಇವನ್ನು ಒಟ್ಟಿಗೇ ಇಟ್ಟಿದ್ದಾರೆ. ಮೈಗೊಂದು ಮನಸ್ಸಿಗೊಂದು ಎಂದು ಅವರು ಗೆರೆ ಎಳೆಯಲಿಲ್ಲ. ಪರಿಹಾರ ಹೇಳುವಾಗಲೂ ಒಂದೇ ದಾರಿ ತೋರಿಸದೆ ಹಲವು ದಾರಿ ತೋರಿಸಿ, ಕೊನೆಗೆ ನಿನ್ನ ಮನಸ್ಸಿಗೆ ಪ್ರಿಯವಾದದ್ದನ್ನು ಧ್ಯಾನಿಸಿದರೂ ಆದೀತು ಎನ್ನುತ್ತಾರೆ. ಅಷ್ಟು ಹಿಂದೆಯೇ ಅಷ್ಟು ಔದಾರ್ಯ.

ಈಗಲೇ ಒಂದು ಕೆಲಸ ಮಾಡು. ಕಾಗದ ಮಡಿಲಲ್ಲಿಡು. ಬಲಗೈಯ ಮೂರು ಬೆರಳನ್ನು ಎಡ ಮಣಿಕಟ್ಟಿನ ಹೆಬ್ಬೆರಳ ಬದಿಗೆ ಇಟ್ಟು ನಾಡಿ ಹುಡುಕು. ಸಿಕ್ಕಿತೇ? ಈಗ ಮೂಗಿನಿಂದ ನಿಧಾನವಾಗಿ ಉಸಿರು ತೆಗೆದುಕೋ, ಅದಕ್ಕಿಂತ ನಿಧಾನವಾಗಿ ಬಿಡು. ತೆಗೆದುಕೊಳ್ಳುವಾಗ ನಾಡಿ ತುಸು ಚುರುಕಾಗುತ್ತದೆ, ಬಿಡುವಾಗ ತುಸು ನಿಧಾನವಾಗುತ್ತದೆ. ನಿನ್ನ ವಯಸ್ಸಿನವರಲ್ಲಿ ಇದು ಬೆರಳಿಗೇ ತಿಳಿಯುತ್ತದೆ. ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ಎಂಬ ನರ ಉಸಿರು ಬಿಡುವಾಗ ಹೃದಯಕ್ಕೆ ಕಡಿವಾಣ ಹಾಕುತ್ತದೆ, ತೆಗೆದುಕೊಳ್ಳುವಾಗ ಸಡಿಲ ಬಿಡುತ್ತದೆ. ಎದೆ ಹೊಡೆದುಕೊಳ್ಳುವಾಗ 'ಧೈರ್ಯ ತಗೋ' ಎಂದು ಯಾರು ಹೇಳಿದರೂ ಹೃದಯ ಕೇಳುವುದಿಲ್ಲ, ಆದರೆ ನೀಳವಾಗಿ ಬಿಟ್ಟ ಉಸಿರಿನ ಮಾತು ಅದಕ್ಕೆ ಕೇಳಿಸುತ್ತದೆ. ರಾತ್ರಿ ಎಚ್ಚರವಾದಾಗ ಗಡಿಯಾರ ನೋಡಬೇಡ, ಮೊಬೈಲು ಮುಟ್ಟಬೇಡ. ಮಗ್ಗುಲಾಗಿ ಮಲಗಿ ಮಂಡಿಗಳ ನಡುವೆ ಒಂದು ದಿಂಬು ಇಟ್ಟುಕೋ, ಸೊಂಟಕ್ಕೂ ಹಿತ. ಉಸಿರು ಬಿಡುವಾಗ ತುಟಿ ಮುಚ್ಚಿ ಸಣ್ಣಗೆ ದುಂಬಿಯಂತೆ ಗುಂಯ್‌ಗುಟ್ಟು, ಪಿ.ಜಿ.ಯ ಜೊತೆಗಾತಿಗೆ ಕೇಳಿಸದಷ್ಟು ಸಣ್ಣಗೆ. ಉಸಿರನ್ನು ಎಲ್ಲೂ ಹಿಡಿದು ನಿಲ್ಲಿಸಬೇಡ. ಲೆಕ್ಕವೂ ಬೇಡ.

ಭಸ್ತ್ರಿಕಾ, ಕಪಾಲಭಾತಿ ಸದ್ಯಕ್ಕೆ ಬಿಟ್ಟುಬಿಡು. ಅವು ಒಳ್ಳೆಯ ಅಭ್ಯಾಸಗಳೇ. ಆದರೆ ಗಾಬರಿ ಸ್ವಭಾವದವರಿಗೆ ಆ ವೇಗದ ಉಸಿರೇ ಮತ್ತೊಂದು ಗಾಬರಿಯನ್ನು ಎಬ್ಬಿಸಬಹುದು. ರಕ್ತದೊತ್ತಡ ಇರುವವರು, ಬಸುರಿಯರು, ಹರ್ನಿಯಾ ಅಥವಾ ಮೂರ್ಛೆರೋಗ ಇರುವವರೂ ಅವುಗಳ ಗೊಡವೆಗೆ ಹೋಗಬಾರದು. ಹಾಗೆಯೇ ಮನಸ್ಸು ತೀರಾ ಕುಗ್ಗಿದವರನ್ನು ಒಮ್ಮೆಲೇ ಕಣ್ಣು ಮುಚ್ಚಿಸಿ ಧ್ಯಾನಕ್ಕೆ ಕೂರಿಸಿದರೆ ಅದೇ ಚಿಂತೆಯ ಸುಳಿಯಲ್ಲಿ ಇನ್ನಷ್ಟು ಆಳಕ್ಕೆ ಹೋಗುತ್ತಾರೆ. ಅಂಥವರನ್ನು ಮೊದಲು ಎಬ್ಬಿಸಿ ನಿಲ್ಲಿಸಬೇಕು, ಕೈ ಎತ್ತಿಸಬೇಕು, ಎದೆ ತೆರೆಸಬೇಕು, ಬೆಳಕಿನಲ್ಲಿ ನಡೆಸಬೇಕು.

ಅಂಕಲಿ ಮಠದ ಗುಹೆಗಳಿಗೆ ನಿನ್ನನ್ನು ಚಿಕ್ಕವಳಿದ್ದಾಗ ಕರೆದುಕೊಂಡು ಹೋಗಿದ್ದೆವು. ಚಂದ್ರವಳ್ಳಿಯ ಬಂಡೆಗಳಡಿ ಮೆಟ್ಟಿಲಿಳಿದು ಹೋದಂತೆ ಕತ್ತಲೆ, ಒಬ್ಬರೇ ನುಸುಳುವಷ್ಟು ಬಾಗಿಲು, ಕೋಣೆಯೊಳಗೊಂದು ಕೋಣೆ. ಸಾಧಕರು ಅಲ್ಲಿ ವರ್ಷಗಟ್ಟಲೆ ತಪಸ್ಸಿಗೆ ಕೂತರೆಂದು ಹೇಳುತ್ತಾರೆ. ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಪ್ರತಿ ವರ್ಷ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೆ. ಟಾರ್ಚ್ ಆರಿಸಿದ ಕೂಡಲೇ ಕೆಲವು ಮಕ್ಕಳು ತಾವಾಗಿ ಸದ್ದಡಗಿ ಗೋಡೆಗೆ ಒರಗಿ ಕೂರುತ್ತಿದ್ದರು, ಹೊರಡೋಣ ಎಂದರೂ ಏಳುತ್ತಿರಲಿಲ್ಲ. ಅದೇ ಕತ್ತಲೆಯಲ್ಲಿ ಮತ್ತೆ ಕೆಲವರಿಗೆ ಉಸಿರು ಕಟ್ಟಿ, ನನ್ನ ಸೀರೆಯ ಸೆರಗು ಹರಿಯುವಷ್ಟು ಬಿಗಿಯಾಗಿ ಹಿಡಿಯುತ್ತಿದ್ದರು. ನೀನು ಎರಡನೆಯ ಸಾಲಿನವಳು. ನಿನ್ನನ್ನು ಎತ್ತಿಕೊಂಡು ಹೊರಗೆ ತಂದು ಕೆರೆಯ ನೀರು ತೋರಿಸಿದ ಮೇಲೆಯೇ ನೀನು ಮಾತಾಡಿದ್ದು. ಆದ್ದರಿಂದ ನಿನಗೆ ಧ್ಯಾನ ಕಲಿಸುವವರು ಯಾರಾದರೂ ಸಿಕ್ಕರೆ ಕಣ್ಣು ತೆರೆದೇ ಕೂರುತ್ತೇನೆ ಎಂದು ಮೊದಲೇ ಹೇಳಿಬಿಡು. ಕಿಟಕಿಯಾಚೆಯ ಒಂದು ಗಿಡವನ್ನೋ, ಮೇಜಿನ ಮೇಲಿನ ದೀಪವನ್ನೋ ನೋಡುತ್ತಾ ಕೂತರೆ ಅದಕ್ಕೇನೂ ಕೊರತೆಯಾಗುವುದಿಲ್ಲ.

ಇದಕ್ಕೆಲ್ಲ ಪುರಾವೆ ಏನು ಎಂದು ನೀನು ಕೇಳುತ್ತೀಯ, ಕೇಳಬೇಕು ಕೂಡ. ಬೆಂಗಳೂರಿನ ಡಾ. ಆರ್. ನಾಗರತ್ನ ಮತ್ತು ಡಾ. ಎಚ್.ಆರ್. ನಾಗೇಂದ್ರ ಅವರು 53 ಆಸ್ತಮಾ ರೋಗಿಗಳಿಗೆ ಯೋಗ ಕಲಿಸಿ, ಅಷ್ಟೇ ಸಂಖ್ಯೆಯ ಬೇರೆ ರೋಗಿಗಳ ಜೊತೆ ಹೋಲಿಸಿ ನೋಡಿದ ಅಧ್ಯಯನ 1985ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಗ ಮಾಡಿದವರಿಗೆ ಉಬ್ಬಸ ಬರುವುದು ಕಡಿಮೆಯಾಗಿತ್ತು, ಔಷಧದ ಅಗತ್ಯವೂ ಇಳಿದಿತ್ತು. ಅಮೆರಿಕದ ವೈದ್ಯರ ಸಂಘ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ, ಬಹುಕಾಲದ ಸೊಂಟನೋವಿಗೆ ಮಾತ್ರೆಗಿಂತ ಮೊದಲು ಪ್ರಯತ್ನಿಸಬೇಕಾದವುಗಳ ಪಟ್ಟಿಯಲ್ಲಿ ವ್ಯಾಯಾಮದ ಜೊತೆ ಯೋಗವನ್ನೂ ಸೇರಿಸಿತು. ನಿಮ್ಹಾನ್ಸ್‌ನಲ್ಲಿ ಖಿನ್ನತೆ, ಸ್ಕಿಜೋಫ್ರೇನಿಯಾಗಳಿಗೆ ಔಷಧದ ಜೊತೆ ಯೋಗವನ್ನೂ ಇಟ್ಟು ವರ್ಷಗಳಿಂದ ಸಂಶೋಧನೆ ನಡೆದಿದೆ, ರೋಗಿಗಳಿಗೆ ಕಲಿಸುತ್ತಲೂ ಇದ್ದಾರೆ. ಒಂದು ಸೂಕ್ಷ್ಮ ಇದೆ. ಸಂಶೋಧನೆಗೆ ಎಲ್ಲರಿಗೂ ಒಂದೇ ಪಾಠ ಕೊಡಲೇಬೇಕು, ಇಲ್ಲದಿದ್ದರೆ ಅಳೆಯುವುದು ಹೇಗೆ? ಅದನ್ನು ನಿನ್ನ ಮೈಗೆ ಹೊಂದಿಸುವುದು ಎದುರಿಗೆ ಕೂತ ಶಿಕ್ಷಕರ ಕೆಲಸ. ಅಲ್ಲಿಯೇ ಅವರ ಅನುಭವ, ಅಂತಃಕರಣ ಎರಡೂ ಬೇಕಾಗುವುದು.

ಔಷಧದ ಜೊತೆ ಎಂದೆ. ಯಾರಾದರೂ ನಿನಗೆ, ಯೋಗ ಶುರು ಮಾಡಿದ್ದೀಯಲ್ಲ, ಇನ್ನು ಮಾತ್ರೆ ಬಿಡು ಎಂದರೆ ಅವರ ಮಾತು ಕೇಳಬೇಡ. ಮಾತ್ರೆ ಇಳಿಸುವುದು, ನಿಲ್ಲಿಸುವುದು ಅದನ್ನು ಬರೆದುಕೊಟ್ಟ ಡಾಕ್ಟರ ಕೆಲಸ. ಮನಸ್ಸಿನ ಡಾಕ್ಟರನ್ನು ಕಾಣುವುದು ಹಲ್ಲಿನ ಡಾಕ್ಟರನ್ನು ಕಂಡಷ್ಟೇ ಸಹಜ ಎಂದು ನಿಮ್ಮಮ್ಮನಿಗೆ ನಾನು ತಿಳಿಸಿ ಹೇಳುತ್ತೇನೆ, ಆ ಭಾರ ನನಗೆ ಬಿಡು. ಒಂದು ವೇಳೆ ಯಾವುದೋ ರಾತ್ರಿ ಬದುಕೇ ಬೇಡ ಅನ್ನುವಷ್ಟು ಕತ್ತಲೆ ಕವಿದರೆ, ಎಷ್ಟು ಹೊತ್ತಾದರೂ ಸರಿ, ನನಗೆ ಫೋನ್ ಮಾಡು. ನನ್ನ ಫೋನ್ ಸಿಗದಿದ್ದರೆ 14416, ಸರ್ಕಾರದ ಟೆಲಿ ಮಾನಸ್. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಈ ನಂಬರನ್ನು ಈಗಲೇ ಮೊಬೈಲಿನಲ್ಲಿ ಇಟ್ಟುಕೋ, ನಿನಗೆ ಬೇಡವಾದರೂ ನಿನ್ನ ಗೆಳತಿಯರಲ್ಲಿ ಯಾರಿಗಾದರೂ ಬೇಕಾದೀತು.

ಬೆಂಗಳೂರಿನಲ್ಲಿ ಯೋಗ ಚಿಕಿತ್ಸೆ ಕೊಡುವವರಿಗೆ ಬರವಿಲ್ಲ. ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ ಬಿ.ಎನ್.ವೈ.ಎಸ್. ಓದಿದ ವೈದ್ಯರಿದ್ದಾರೆ, ಜಿಗಣಿಯ ಪ್ರಶಾಂತಿ ಕುಟೀರದಲ್ಲಿ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯ ಇದೆ, ನಿಮ್ಹಾನ್ಸ್ ಇದೆ. ಎಲ್ಲಿಗೆ ಹೋದರೂ ಒಂದನ್ನು ನೋಡು: ಅವರು ನಿನ್ನನ್ನು ಎಷ್ಟು ಹೊತ್ತು ಕೇಳಿಸಿಕೊಂಡರು? ಬಂದ ಐದು ನಿಮಿಷಕ್ಕೆ ಮ್ಯಾಟ್ ಹಾಸಿ ಎಲ್ಲರ ಸಾಲಿನಲ್ಲಿ ನಿಲ್ಲಿಸಿದರೆ ಅದು ವ್ಯಾಯಾಮದ ತರಗತಿ. ಆರೋಗ್ಯವಂತರಿಗೆ ಬಹಳ ಒಳ್ಳೆಯದು, ಈಗ ನಿನಗೆ ಬೇಡ. ವರದಿ ಓದಬೇಕು, ಪ್ರಶ್ನೆ ಕೇಳಬೇಕು, ನಿನಗಾಗಿ ಒಂದು ಹಾಳೆಯಲ್ಲಿ ಬರೆದು ಕೊಡಬೇಕು, ಎರಡು ವಾರದ ನಂತರ ಕರೆದು ಆ ಹಾಳೆಯನ್ನು ತಿದ್ದಬೇಕು. ಹದಿನೈದು ನಿಮಿಷದಲ್ಲಿ ಮುಗಿಯುವಂಥದ್ದನ್ನೇ ಕೇಳಿ ಬರೆಸಿಕೋ. ಒಂದು ಗಂಟೆಯದನ್ನು ಬರೆಸಿಕೊಂಡರೆ ಮೂರನೇ ದಿನಕ್ಕೆ ಬಿಡುತ್ತೀಯ, ನಿನ್ನ ಆಫೀಸಿನ ಹೊತ್ತುಗೊತ್ತು ನನಗೆ ಗೊತ್ತಿಲ್ಲವೇ?

ಈ ವಾರ ಡಾಕ್ಟರನ್ನು ಕಂಡು ಬಾ. ಒಂದು ನೋಟ್‌ಬುಕ್ಕಿನಲ್ಲಿ ಎಷ್ಟು ಹೊತ್ತಿಗೆ ಮಲಗಿದೆ, ಯಾವಾಗ ಎಚ್ಚರವಾಯಿತು, ನೋವು ಕೂತಾಗ ಹೆಚ್ಚೋ ನಿಂತಾಗ ಹೆಚ್ಚೋ, ಎದೆ ಹೊಡೆದುಕೊಂಡಾಗ ಅದಕ್ಕೆ ಮುಂಚೆ ಏನು ಮಾಡುತ್ತಿದ್ದೆ, ಒಂದೆರಡು ಸಾಲು ಬರೆದಿಡು. ಯಾವ ಗುರುವಿಗಾದರೂ ಅದಕ್ಕಿಂತ ಒಳ್ಳೆಯ ವರದಿ ಇಲ್ಲ. ಭಾನುವಾರ ವಿಡಿಯೋ ಕಾಲ್ ಮಾಡು, ಮುಖ ತೋರಿಸುವುದಕ್ಕಲ್ಲ. ಫೋನನ್ನು ಪಕ್ಕದಲ್ಲಿ ಎಲ್ಲಾದರೂ ನಿಲ್ಲಿಸಿ, ದಿನಾ ಕೂರುವ ಕುರ್ಚಿಯಲ್ಲಿ ಕೂತು ಹತ್ತು ನಿಮಿಷ ನಿನ್ನ ಕೆಲಸ ನೀನು ಮಾಡಿಕೋ. ಕುರ್ಚಿ ಎಷ್ಟು ಎತ್ತರ ಇದೆ, ಪಾದ ನೆಲಕ್ಕೆ ತಾಗುತ್ತಿದೆಯೇ, ಕತ್ತು ಎಷ್ಟು ಮುಂದೆ ಚಾಚುತ್ತೀ ಎಂದು ನಾನು ಇಲ್ಲಿಂದ ನೋಡುತ್ತೇನೆ. ಡಾಕ್ಟರು ಏನು ಹೇಳಿದರು ಎಂಬುದನ್ನೂ ಆಗ ಹೇಳು, ಮುಂದಿನದನ್ನು ಇಬ್ಬರೂ ಕೂತು ಗೊತ್ತುಮಾಡೋಣ.

ಇಂತಿ ನಿನ್ನ ಪ್ರೀತಿಯ
ದೊಡ್ಡಮ್ಮ